ಲ್ಯಾಪ್‌ಟಾಪ್ ಏಳಲು ಏಕೆ ತಡಮಾಡುತ್ತದೆ?

ಕೊಳ್ಳೇಗಾಲವೆಂದರೆ ರೇಷ್ಮೆ ಎಂಬುದು ನಮ್ಮ ನಾಡಿನವರೆಲ್ಲರಿಗೂ ತಿಳಿದ ಮಾತು. ಇಲ್ಲಿನ ಮಗ್ಗಗಳ ಮೇಲೆ ಸಿದ್ಧವಾಗುವ ಸೀರೆಗಳನ್ನು ಕಂಡು ಮೆಚ್ಚುವವರು ಬಹುಮಂದಿ. ಆದರೆ ನೇಯ್ಗೆ ಆರಂಭವಾಗುವುದಕ್ಕೆ ಮುಂಚೆ ನೇಕಾರರು ಪಡುವ ಶ್ರಮವನ್ನು ಬಲ್ಲವರು ಕೆಲವರೇ. ನೂಲಿಗೆ ಬಣ್ಣ ಹಾಕಬೇಕು, ಹಾಸನ್ನು ಸಿದ್ಧಗೊಳಿಸಬೇಕು, ಸಾವಿರಾರು ಎಳೆಗಳನ್ನು ಹಣಿಗೆಯ ಸಂದುಗಳಲ್ಲಿ ತಪ್ಪದಂತೆ ಸೇರಿಸಬೇಕು. ಇಷ್ಟೆಲ್ಲ ಆದ ಮೇಲೆಯೇ ಲಾಳಿಯ ಮೊದಲನೆಯ ಓಟ. ಈ ಸಿದ್ಧತೆಯಲ್ಲಿ ಒಂದು ಎಳೆ ಸಿಕ್ಕು ಬಿದ್ದರೂ ಮಿಕ್ಕ ಕೆಲಸವೆಲ್ಲ ಅದಕ್ಕಾಗಿ ಕಾಯಬೇಕಾಗುತ್ತದೆ.

ಲ್ಯಾಪ್‌ಟಾಪಿನ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಗುಂಡಿಯನ್ನು ಒತ್ತಿದ ಕ್ಷಣದಿಂದ ನಾವು ಕೆಲಸಕ್ಕೆ ತೊಡಗುವ ಕ್ಷಣದವರೆಗೆ ಆ ಯಂತ್ರದೊಳಗೂ ಒಂದು ದೊಡ್ಡ ಸಿದ್ಧತೆ ನಡೆಯುತ್ತದೆ. ಮಗ್ಗಕ್ಕೂ ಕಂಪ್ಯೂಟರಿಗೂ ಇರುವ ನಂಟು ಬರಿಯ ಉಪಮೆಯದೂ ಅಲ್ಲ. ಫ್ರಾನ್ಸಿನ ಜಕಾರ್ಡ್ ಎಂಬವನು 1804ರಲ್ಲಿ ತೂತು ಹೊಡೆದ ರಟ್ಟಿನ ಪಟ್ಟಿಗಳಿಂದ ಮಗ್ಗಕ್ಕೆ ಅಪ್ಪಣೆ ಕೊಡುವ ಉಪಾಯವನ್ನು ತೋರಿಸಿದನು. ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂಬುದನ್ನು ಆ ತೂತುಗಳೇ ನಿಶ್ಚಯಿಸುತ್ತಿದ್ದುವು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಯೋಜನೆಗೆ ಇದೇ ಪಟ್ಟಿಗಳನ್ನು ಆರಿಸಿಕೊಂಡನು. ಇಂದು ನಾವು ಪ್ರೋಗ್ರಾಮ್ ಎಂದು ಕರೆಯುವ ಆಜ್ಞಾಮಾಲೆಯ ಪೂರ್ವಜರಲ್ಲಿ ರೇಷ್ಮೆಯ ಮಗ್ಗವೂ ಒಂದು.

ಈಗ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವುಂಟು. ಕರ್ನಾಟಕ ಸರಕಾರವು 2019–20ನೆಯ ಸಾಲಿನಲ್ಲಿ ಸರಕಾರಿ ಪದವಿ ಕಾಲೇಜುಗಳ ಪ್ರಥಮ ವರ್ಷದ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಹಂಚುವ ಯೋಜನೆಯನ್ನು ಕೈಗೊಂಡಿತು. ರೇಷ್ಮೆಗೂಡು ಮಾರಿದ ಹಣದಿಂದಲೋ ಸಾಲದಿಂದಲೋ ಮಕ್ಕಳಿಗೆ ಯಂತ್ರವನ್ನು ಕೊಡಿಸಿದ ಮನೆಗಳೂ ಕೊಳ್ಳೇಗಾಲ, ಹನೂರು, ಯಳಂದೂರುಗಳ ಕಡೆ ಉಂಟು. ಇಂತಹ ಯಂತ್ರಗಳು ನಾಲ್ಕಾರು ವರ್ಷ ಕಳೆದ ಮೇಲೆ ಏಳುವುದಕ್ಕೆ ಐದಾರು ನಿಮಿಷ ಹಿಡಿಯುತ್ತವೆ. ಆಗ ಕೇಳಿಬರುವ ಸಲಹೆಗಳು ಸಾಮಾನ್ಯವಾಗಿ ಎರಡು: “ಫಾರ್ಮ್ಯಾಟ್ ಮಾಡಿಸು”, ಇಲ್ಲವೆ “ಹಳೆಯದಾಯಿತು, ಹೊಸದನ್ನು ಕೊಳ್ಳು.” ಮೊದಲನೆಯದು ವಿದ್ಯಾರ್ಥಿಯ ಬರಹಗಳನ್ನೆಲ್ಲ ಅಳಿಸಿಬಿಡಬಹುದು, ಎರಡನೆಯದು ಮನೆಯ ಹಲವು ತಿಂಗಳ ಉಳಿತಾಯವನ್ನು ನುಂಗಬಹುದು. ರೋಗವನ್ನು ತಿಳಿಯದೆ ಔಷಧವನ್ನು ಹೇಳುವ ಈ ಕ್ರಮಕ್ಕೆ ಬದಲಾಗಿ, ವಿಜ್ಞಾನದ ಕ್ರಮದಲ್ಲಿ ನಿದಾನಮಾಡುವುದು ಹೇಗೆ ಎಂಬುದನ್ನು ಈಗ ನೋಡೋಣ.

ಗುಂಡಿ ಒತ್ತಿದ ಮೇಲೆ ನಡೆಯುವುದೇನು?

ಕಂಪ್ಯೂಟರಿನಲ್ಲಿ ಎರಡು ಬಗೆಯ ನೆನಪುಗಳಿವೆ. ಒಂದು ರ‍್ಯಾಮ್; ಇದು ಅತ್ಯಂತ ಚುರುಕು, ಆದರೆ ವಿದ್ಯುತ್ತು ನಿಂತೊಡನೆ ಇದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಇನ್ನೊಂದು ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ. ಇದು ರ‍್ಯಾಮಿಗಿಂತ ನಿಧಾನವಾದರೂ ವಿದ್ಯುತ್ತಿಲ್ಲದಿದ್ದರೂ ನೆನಪನ್ನು ಉಳಿಸಿಕೊಳ್ಳುತ್ತದೆ. ಮೊದಲನೆಯದನ್ನು ಕರಿಹಲಗೆಗೂ ಎರಡನೆಯದನ್ನು ಬೀರುವಿನ ಪುಸ್ತಕಗಳಿಗೂ ಹೋಲಿಸಬಹುದು. ಯಂತ್ರದ ಕೆಲಸವೆಲ್ಲ ನಡೆಯುವುದು ಕರಿಹಲಗೆಯ ಮೇಲೆ. ಆದುದರಿಂದ ಪ್ರತಿಸಲ ಯಂತ್ರವನ್ನು ಎಬ್ಬಿಸುವಾಗಲೂ ಬೀರುವಿನಿಂದ ಪುಸ್ತಕವನ್ನು ತೆಗೆದು ಹಲಗೆಯ ಮೇಲೆ ಹೊಸದಾಗಿ ಬರೆಯಬೇಕು.

ಇಲ್ಲಿ ಒಂದು ತೊಡಕುಂಟು. ಡಿಸ್ಕಿನಿಂದ ಆಜ್ಞೆಗಳನ್ನು ಓದಬೇಕಾದರೆ, ಓದುವುದು ಹೇಗೆಂದು ಹೇಳುವ ಆಜ್ಞೆಯೊಂದು ಮೊದಲೇ ಇರಬೇಕಲ್ಲವೆ? ಹಲಗೆಯಾದರೋ ಬರಿದಾಗಿದೆ! ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲಕ್ಕೆತ್ತಿಕೊಳ್ಳುವ ಅಸಾಧ್ಯ ಸಾಹಸದಂತೆ ಇದು ಕಂಡದ್ದರಿಂದಲೇ ಯಂತ್ರವನ್ನು ಎಬ್ಬಿಸುವ ಕ್ರಿಯೆಗೆ ‘ಬೂಟ್’ ಎಂಬ ಹೆಸರು ಬಂದಿತು. ಈ ತೊಡಕಿನ ಪರಿಹಾರಕ್ಕಾಗಿ ಯಂತ್ರದ ಮುಖ್ಯ ಫಲಕದ ಮೇಲಿನ ಒಂದು ಚಿಪ್ಪಿನಲ್ಲಿ ಕಿರಿದಾದ ಆಜ್ಞಾಮಾಲೆಯನ್ನು ತಯಾರಕರು ಅಳಿಯದಂತೆ ಇಟ್ಟಿರುತ್ತಾರೆ. ಹಿಂದೆ ಇದನ್ನು ಬಯೋಸ್ ಎನ್ನುತ್ತಿದ್ದರು. ಇಂದಿನ ಯಂತ್ರಗಳಲ್ಲಿರುವುದು ಅದರ ಉತ್ತರಾಧಿಕಾರಿಯಾದ ಯುಇಎಫ್‌ಐ. ಎರಡಕ್ಕೂ ಫರ್ಮ್‌ವೇರ್ ಎಂಬುದು ಸಾಮಾನ್ಯ ಹೆಸರು.

ಹೀಗೆ ಯಂತ್ರದ ಏಳುವಿಕೆಯಲ್ಲಿ ಮೂರು ಘಟ್ಟಗಳಿವೆ. ಮೊದಲನೆಯದರಲ್ಲಿ ಫರ್ಮ್‌ವೇರ್ ಎಚ್ಚೆತ್ತು, ರ‍್ಯಾಮ್, ಕೀಲಿಮಣೆ, ಡಿಸ್ಕುಗಳನ್ನು ಪರೀಕ್ಷಿಸಿ, ಮುಂದಿನ ಆಜ್ಞೆಗಳು ಎಲ್ಲಿವೆಯೆಂದು ಹುಡುಕುತ್ತದೆ. ಎರಡನೆಯದರಲ್ಲಿ ವಿಂಡೋಸ್ ಅಥವಾ ಲಿನಕ್ಸ್‌ನಂತಹ ಕಾರ್ಯಾಚರಣ ವ್ಯವಸ್ಥೆಯು ಡಿಸ್ಕಿನಿಂದ ರ‍್ಯಾಮಿಗೆ ಬರುತ್ತದೆ. ಮೂರನೆಯದರಲ್ಲಿ, ನಾವು ಗುಪ್ತಪದವನ್ನು ಕೊಟ್ಟ ಮೇಲೆ, ತಾವಾಗಿಯೇ ಏಳುವಂತೆ ಗೊತ್ತುಮಾಡಿದ ಇತರ ಪ್ರೋಗ್ರಾಮುಗಳು ಒಂದರ ಹಿಂದೊಂದರಂತೆ ಬಂದು ಸೇರುತ್ತವೆ.

ಮೊದಲು ಅಳತೆ, ಅನಂತರ ಚಿಕಿತ್ಸೆ

“ಬಹಳ ನಿಧಾನ” ಎಂಬುದು ದೂರೇ ಹೊರತು ಅಳತೆಯಲ್ಲ. ಮೊಬೈಲಿನಲ್ಲಿರುವ ಸ್ಟಾಪ್‌ವಾಚನ್ನು ತೆಗೆದುಕೊಂಡು ಮೂರು ಕಾಲಗಳನ್ನು ಬೇರೆಬೇರೆಯಾಗಿ ಬರೆದುಕೊಳ್ಳಿರಿ: ಗುಂಡಿ ಒತ್ತಿದಾಗಿನಿಂದ ತಯಾರಕರ ಲಾಂಛನ ಬಂದು ವಿಂಡೋಸಿನ ಸುತ್ತುವ ಚುಕ್ಕೆಗಳು ಕಾಣುವವರೆಗೆ, ಅಲ್ಲಿಂದ ಗುಪ್ತಪದ ಕೇಳುವ ಪರದೆಯವರೆಗೆ, ಗುಪ್ತಪದ ಕೊಟ್ಟ ಮೇಲೆ ಒಂದು ಕಡತವನ್ನು ತಡೆಯಿಲ್ಲದೆ ತೆರೆಯಲು ಸಾಧ್ಯವಾಗುವವರೆಗೆ. ಒಂದೇ ಸಲದ ಅಳತೆಯನ್ನು ನಂಬಬಾರದು. ಹೊಸ ಅಪ್‌ಡೇಟ್ ಬಂದ ದಿನ ಯಂತ್ರವು ಹೆಚ್ಚು ಹೊತ್ತು ತೆಗೆದುಕೊಳ್ಳುವುದು ಸಹಜ. ಬೇರೆಬೇರೆ ದಿನಗಳಲ್ಲಿ ಮೂರು ಸಲ ಅಳೆದು ಸರಾಸರಿಯನ್ನು ತೆಗೆಯುವುದು ಲೇಸು.

ಅಳೆಯುವಾಗ ಮತ್ತೊಂದು ಸೂಕ್ಷ್ಮವನ್ನು ಗಮನಿಸಬೇಕು. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ, ‘ಶಟ್ ಡೌನ್’ ಎಂದು ಆಜ್ಞಾಪಿಸಿದರೆ ಯಂತ್ರವು ಪೂರ್ಣವಾಗಿ ಹೊಸತಾಗುವುದಿಲ್ಲ. ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ಅದು ಡಿಸ್ಕಿನಲ್ಲಿ ಹಾಗೆಯೇ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ಇದಕ್ಕೆ ‘ಫಾಸ್ಟ್ ಸ್ಟಾರ್ಟಪ್’ ಎಂದು ಹೆಸರು. ಆದರೆ ‘ರೀಸ್ಟಾರ್ಟ್’ ಎಂದಾಗ ಮಾತ್ರ ಎಲ್ಲವೂ ಮೊದಲಿನಿಂದ ಆರಂಭವಾಗುತ್ತದೆ. ಹಳೆಯ ದೋಷವೊಂದು ತಿರುಳಿನಲ್ಲಿ ಉಳಿದುಕೊಂಡಿದ್ದರೆ ವಾರಗಟ್ಟಲೆ ಶಟ್ ಡೌನ್ ಮಾಡಿದರೂ ಹೋಗದೆ, ಒಮ್ಮೆ ರೀಸ್ಟಾರ್ಟ್ ಮಾಡಿದೊಡನೆ ಮಾಯವಾಗಬಹುದು. ಆದುದರಿಂದ ಮೊದಲನೆಯ ಚಿಕಿತ್ಸೆ, ಖರ್ಚಿಲ್ಲದ ಚಿಕಿತ್ಸೆ, ಇದೇ.

ಮೊದಲನೆಯ ಘಟ್ಟ

ಇದು ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳಲ್ಲಿ, ಹೆಚ್ಚೆಂದರೆ ಅರ್ಧ ನಿಮಿಷದೊಳಗೆ ಮುಗಿಯಬೇಕು. ವಿಂಡೋಸಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಅದರ ‘ಸ್ಟಾರ್ಟಪ್’ ಪುಟದಲ್ಲಿ ‘ಲಾಸ್ಟ್ ಬಯೋಸ್ ಟೈಮ್’ ಎಂಬ ಹೆಸರಿನಲ್ಲಿ ಈ ಕಾಲವನ್ನು ಅನೇಕ ಯಂತ್ರಗಳು ತಾವೇ ತೋರಿಸುತ್ತವೆ. ಇಲ್ಲಿಯೇ ಒಂದು ನಿಮಿಷ ಕಳೆಯುತ್ತಿದ್ದರೆ ವಿಂಡೋಸನ್ನು ದೂರಿ ಫಲವಿಲ್ಲ, ಏಕೆಂದರೆ ಅದು ಇನ್ನೂ ಎಚ್ಚೆತ್ತೇ ಇಲ್ಲ.

ಹಾಗಾದರೆ ಕಾರಣಗಳೇನು? ಚುಚ್ಚಿಟ್ಟು ಮರೆತ ಪೆನ್‌ಡ್ರೈವ್ ಇರಬಹುದು. ಫರ್ಮ್‌ವೇರ್ ಅದರಲ್ಲಿ ವ್ಯವಸ್ಥೆಯನ್ನು ಹುಡುಕಿ ಸೋತು, ಅನಂತರ ಡಿಸ್ಕಿನ ಕಡೆಗೆ ತಿರುಗುತ್ತದೆ. ಹುಡುಕಾಟದ ಸರದಿಯಲ್ಲಿ ಜಾಲಸಂಪರ್ಕವು ಮೊದಲಿದ್ದರೆ ಇಲ್ಲದ ಉತ್ತರಕ್ಕಾಗಿ ಯಂತ್ರವು ಕಾಯುತ್ತ ನಿಲ್ಲುತ್ತದೆ. ಡಿಸ್ಕೇ ಕೆಡುತ್ತಿದ್ದರೆ ಫರ್ಮ್‌ವೇರಿನ ಪ್ರಶ್ನೆಗೆ ಅದು ತಡವಾಗಿ ಉತ್ತರಿಸುತ್ತದೆ. ಹೊರಗಿನ ಉಪಕರಣಗಳನ್ನೆಲ್ಲ ಬಿಚ್ಚಿ ಮತ್ತೆ ಅಳೆಯಿರಿ. ಕಾಲವು ಇಳಿದರೆ ಅಪರಾಧಿಯು ಸಿಕ್ಕಿದಂತೆಯೇ.

ಎರಡನೆಯ ಘಟ್ಟ: ತಿರುಗುವ ತಟ್ಟೆಯ ಲೆಕ್ಕ

1956ನೆಯ ಇಸವಿ ಕೊಳ್ಳೇಗಾಲದ ಚರಿತ್ರೆಯಲ್ಲಿ ಮುಖ್ಯವಾದುದು. ಆ ವರ್ಷದ ನವೆಂಬರ್ 1ರಂದು ಈ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಿಂದ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯು ಜಗತ್ತಿನ ಮೊತ್ತಮೊದಲ ಹಾರ್ಡ್ ಡಿಸ್ಕನ್ನು ಪ್ರಕಟಪಡಿಸಿತು. ಎರಡು ಅಡಿ ವ್ಯಾಸದ 50 ತಟ್ಟೆಗಳಿದ್ದ, ಸುಮಾರು ಒಂದು ಟನ್ ತೂಕದ ಆ ಯಂತ್ರದಲ್ಲಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. ಇಂದು ಅಂಗೈಯಲ್ಲಿ ಅಡಗುವ ಡಿಸ್ಕು ಅದರ ಲಕ್ಷಾಂತರ ಪಾಲು ಹಿಡಿಯುತ್ತದೆ. ಆದರೂ ಮೂಲತತ್ತ್ವ ಬದಲಾಗಿಲ್ಲ: ಕಾಂತದ ಲೇಪವುಳ್ಳ ತಟ್ಟೆ ತಿರುಗುತ್ತದೆ, ಅದರ ಮೇಲೆ ಒಂದು ತೋಳು ಆಚೆ ಈಚೆ ಚಲಿಸಿ ಬೇಕಾದ ಜಾಗವನ್ನು ಮುಟ್ಟುತ್ತದೆ.

ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕು ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು, ಎಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ತಟ್ಟೆಯ ವ್ಯಾಸವು ಸುಮಾರು 6.5 ಸೆಂಟಿಮೀಟರ್ ಆದುದರಿಂದ ಅದರ ಅಂಚಿನ ವೇಗ ಗಂಟೆಗೆ ಸುಮಾರು 66 ಕಿಲೋಮೀಟರ್. ಮಹದೇಶ್ವರ ಬೆಟ್ಟದ ತಿರುವುಗಳನ್ನು ಏರುವ ಬಸ್ಸಿಗೂ ಈ ವೇಗವಿಲ್ಲ! ಆದರೂ ಇದನ್ನು ನಿಧಾನವೆನ್ನುವುದೇಕೆ? ಲೆಕ್ಕಮಾಡಿ ನೋಡೋಣ.

ಒಂದು ಸುತ್ತಿಗೆ ಹಿಡಿಯುವ ಕಾಲ 1/90 ಸೆಕೆಂಡು, ಎಂದರೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಜಾಗವು ತೋಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕಾದುದರಿಂದ 5.5 ಮಿಲಿಸೆಕೆಂಡು. ತೋಳು ಸರಿಯಾದ ವರ್ತುಲಕ್ಕೆ ಸರಿಯಲು ಸುಮಾರು 12 ಮಿಲಿಸೆಕೆಂಡು. ಒಟ್ಟು 17.5 ಮಿಲಿಸೆಕೆಂಡು. ಎಂದರೆ ಚದುರಿಹೋದ ತುಣುಕುಗಳನ್ನು ಈ ಡಿಸ್ಕು ಸೆಕೆಂಡಿಗೆ ಸುಮಾರು 57 ಸಲ ಮಾತ್ರ ತಂದುಕೊಡಬಲ್ಲದು. ಯಂತ್ರ ಏಳುವಾಗ ಇಂತಹ 20,000 ತುಣುಕುಗಳು ಬೇಕೆಂದು ಭಾವಿಸೋಣ. 20,000 × 17.5 ಮಿಲಿಸೆಕೆಂಡು ಎಂದರೆ 350 ಸೆಕೆಂಡು. ಆರು ನಿಮಿಷಕ್ಕೆ ಹತ್ತೇ ಸೆಕೆಂಡು ಕಡಮೆ! ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯಿಲ್ಲ, ಚಲಿಸುವ ತೋಳಿಲ್ಲ. ಅದು ಒಂದು ತುಣುಕನ್ನು ಸುಮಾರು 0.1 ಮಿಲಿಸೆಕೆಂಡಿನಲ್ಲಿ ಕೊಡುತ್ತದೆ. ಅದೇ 20,000 ತುಣುಕುಗಳಿಗೆ ಎರಡೇ ಸೆಕೆಂಡು ಸಾಕು. ವಾಸ್ತವದಲ್ಲಿ ಬೇಕಾದ ತುಣುಕುಗಳನ್ನು ಮುಂಚಿತವಾಗಿ ಸಾಲುಗೂಡಿಸಿ ಓದುವ ಜಾಣ್ಮೆಯು ವಿಂಡೋಸಿಗೆ ಇರುವುದರಿಂದ ಅಂತರವು ಇಷ್ಟು ವಿಪರೀತವಾಗಿರುವುದಿಲ್ಲ. ಆದರೂ ದಿಕ್ಕು ಇದೇ.

ಟಾಸ್ಕ್ ಮ್ಯಾನೇಜರಿನ ‘ಪರ್ಫಾರ್ಮೆನ್ಸ್’ ಪುಟದಲ್ಲಿ ಡಿಸ್ಕಿನ ಬಗೆಯನ್ನೂ ಅದು ಎಷ್ಟು ಪಾಲು ಕಾಲ ದುಡಿಯುತ್ತಿದೆ ಎಂಬುದನ್ನೂ ನೋಡಬಹುದು. ಡಿಸ್ಕು ನೂರಕ್ಕೆ ನೂರು ದುಡಿಯುತ್ತಿದ್ದು ಪ್ರೊಸೆಸರ್ ಬಹುಮಟ್ಟಿಗೆ ಸುಮ್ಮನಿದ್ದರೆ, ತಡೆಯಿರುವುದು ಡಿಸ್ಕಿನಲ್ಲಿ. ಇನ್ನು ಬ್ಯಾಟರಿ ಸತ್ತ ಯಂತ್ರವನ್ನು ಗೋಡೆಯ ವಿದ್ಯುತ್ತಿನಿಂದಲೇ ನಡೆಸುವವರು ಒಂದನ್ನು ನೆನಪಿಡಬೇಕು. ವಿದ್ಯುತ್ತು ಹೋದೊಡನೆ ಯಂತ್ರವು ಥಟ್ಟನೆ ಸಾಯುತ್ತದೆ; ಮುಂದಿನ ಸಲ ಏಳುವಾಗ ಅರ್ಧಕ್ಕೆ ನಿಂತ ಬರಹಗಳಿಂದ ಹಾನಿಯಾಗಿದೆಯೇ ಎಂದು ಅದು ಡಿಸ್ಕನ್ನು ಪರೀಕ್ಷಿಸಬೇಕಾಗಬಹುದು. ಅದೂ ವಿಳಂಬಕ್ಕೆ ಕಾರಣವೇ.

ಮೂರನೆಯ ಘಟ್ಟ: ಬಾಗಿಲಲ್ಲಿ ನೂಕುನುಗ್ಗಲು

ಅಮಾವಾಸ್ಯೆಯಂದು ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಮಾದಪ್ಪನ ಬೆಟ್ಟಕ್ಕೆ ಹೊರಟ ಬಸ್ಸನ್ನು ನೆನೆಯಿರಿ. ಎಲ್ಲರೂ ಸಾಲಾಗಿ ಹತ್ತಿದರೆ ಬಸ್ಸು ಬೇಗ ತುಂಬುತ್ತದೆ. ಒಂದೇ ಬಾಗಿಲಿಗೆ ಎಲ್ಲರೂ ಒಮ್ಮೆಗೇ ನುಗ್ಗಿದರೆ ಯಾರೂ ಹತ್ತಲಾರರು. ಹಾರ್ಡ್ ಡಿಸ್ಕಿನ ತೋಳು ಇಂತಹ ಒಂದೇ ಬಾಗಿಲು. ಗುಪ್ತಪದ ಕೊಟ್ಟೊಡನೆ ಹತ್ತು ಹದಿನೈದು ಪ್ರೋಗ್ರಾಮುಗಳು ತಮ್ಮ ತಮ್ಮ ತುಣುಕುಗಳಿಗಾಗಿ ಒಟ್ಟಿಗೆ ಕೂಗತೊಡಗಿದರೆ, ತೋಳು ಅತ್ತ ಒಮ್ಮೆ ಇತ್ತ ಒಮ್ಮೆ ಓಡಾಡುವುದರಲ್ಲಿಯೇ ಕಾಲ ಕಳೆಯುತ್ತದೆ.

ಈ ಪ್ರೋಗ್ರಾಮುಗಳಲ್ಲಿ ಬಹುಪಾಲು ನಾವು ಕರೆಯದೆ ಬಂದ ಅತಿಥಿಗಳು. ಸಂಗೀತ ಕೇಳುವುದಕ್ಕೋ ವೀಡಿಯೋ ಸಭೆಗೋ ಎಂದೋ ಒಮ್ಮೆ ಸ್ಥಾಪಿಸಿದ ತಂತ್ರಾಂಶವು ‘ಪ್ರತಿಸಲವೂ ನನ್ನನ್ನು ಎಬ್ಬಿಸು’ ಎಂದು ಯಂತ್ರಕ್ಕೆ ಹೇಳಿಟ್ಟಿರುತ್ತದೆ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪುಟದಲ್ಲಿ ಇವುಗಳ ಪಟ್ಟಿಯೂ ಒಂದೊಂದರ ಹೊರೆಯ ಪ್ರಮಾಣವೂ ಇದೆ. ಬೇಡವಾದುದನ್ನು ಆರಿಸಿ ‘ಡಿಸೇಬಲ್’ ಎಂದರೆ ಸಾಕು. ಇದರಿಂದ ಪ್ರೋಗ್ರಾಮ್ ಅಳಿಯುವುದಿಲ್ಲ. ನಾವು ಕರೆದಾಗ ಮಾತ್ರ ಏಳುತ್ತದೆ. ಆದರೆ ವೈರಸ್ ತಡೆಯುವ ರಕ್ಷಕ, ಟಚ್‌ಪ್ಯಾಡ್, ಧ್ವನಿ ಇವುಗಳಿಗೆ ಸಂಬಂಧಿಸಿದವನ್ನು ಮುಟ್ಟಬಾರದು. ಹೆಸರು ತಿಳಿಯದುದನ್ನು ಹಾಗೆಯೇ ಬಿಡುವುದು ಜಾಣತನ. ಲಿನಕ್ಸ್ ಬಳಸುವವರಿಗೆ ಸಿಸ್ಟಂಡಿ-ಅನಲೈಜ್ ಎಂಬ ಆಜ್ಞೆಯು ಪ್ರತಿಯೊಂದು ಘಟ್ಟದ ಕಾಲವನ್ನೂ ಲೆಕ್ಕಹಾಕಿ ಕೊಡುತ್ತದೆ. ಕೇರಳದ ಸರಕಾರಿ ಶಾಲೆಗಳಲ್ಲಿ ಲಿನಕ್ಸ್ ಬಳಕೆಯಲ್ಲಿರುವುದರಿಂದ ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಇದನ್ನು ಸುಲಭವಾಗಿ ಪ್ರಯೋಗಿಸಿ ನೋಡಬಹುದು.

ಇದೇ ಘಟ್ಟದಲ್ಲಿ ರ‍್ಯಾಮಿನ ಕೊರತೆಯೂ ಬಯಲಾಗುತ್ತದೆ. ಕರಿಹಲಗೆ ಚಿಕ್ಕದಾದರೆ ಬರೆದುದನ್ನು ಒರಸಿ, ಪುಸ್ತಕದಲ್ಲಿ ನಕಲಿಟ್ಟು, ಮತ್ತೆ ಮತ್ತೆ ಬರೆಯಬೇಕು. 4 ಗಿಗಾಬೈಟ್ ರ‍್ಯಾಮ್ ಇರುವ ಯಂತ್ರದಲ್ಲಿ ಇದು ಸಾಮಾನ್ಯ. ಆಗ ಡಿಸ್ಕಿನ ಮೇಲೆ ಎರಡರಷ್ಟು ಹೊರೆ ಬೀಳುತ್ತದೆ. ಎರಡು ವೈರಸ್ ರಕ್ಷಕಗಳನ್ನು ಒಟ್ಟಿಗೆ ಇಟ್ಟುಕೊಳ್ಳುವುದೂ ತಪ್ಪು. ಒಂದು ಓದಿದ ಕಡತವನ್ನೇ ಇನ್ನೊಂದು ಮತ್ತೆ ಓದುತ್ತದೆ. ‘ಒಂದೇ ಕ್ಲಿಕ್ಕಿನಲ್ಲಿ ವೇಗ ಹೆಚ್ಚಿಸುತ್ತೇವೆ’ ಎನ್ನುವ ತಂತ್ರಾಂಶಗಳಿಂದ ದೂರವಿರಿ. ತಾವೇ ಸ್ಟಾರ್ಟಪ್ ಪಟ್ಟಿಗೆ ಸೇರಿಕೊಂಡು ಹೊರೆಯನ್ನು ಹೆಚ್ಚಿಸುವಂಥವು ಅವುಗಳಲ್ಲಿ ಅನೇಕ.

ಮೂರು ಘಟ್ಟಗಳೂ ಒಂದೇ ಪ್ರಮಾಣದಲ್ಲಿ ನಿಧಾನವಾಗಿದ್ದರೆ ಶಾಖದ ಕಡೆ ನೋಡಬೇಕು. ಪ್ರೊಸೆಸರ್ ಬಿಸಿಯಾದಾಗ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಮುಂಜಾನೆ ತಣ್ಣಗಿರುವಾಗ ಒಮ್ಮೆ, ಒಂದು ಗಂಟೆ ದುಡಿಸಿದ ಮೇಲೆ ರೀಸ್ಟಾರ್ಟ್ ಮಾಡಿ ಇನ್ನೊಮ್ಮೆ ಅಳೆಯಿರಿ. ಎರಡನೆಯದು ಬಹಳ ಹೆಚ್ಚಾಗಿದ್ದರೆ ಬೀಸಣಿಗೆಯಲ್ಲಿ ಧೂಳು ಕಟ್ಟಿರುವ ಸಂಭವವುಂಟು.

ಒಂದು ಮಾದರಿ ಲೆಕ್ಕ

ಹನೂರಿನ ಕಡೆಯಿಂದ ಕೊಳ್ಳೇಗಾಲದ ಕಾಲೇಜಿಗೆ ಬರುವ ಒಬ್ಬ ವಿದ್ಯಾರ್ಥಿನಿಯ ಯಂತ್ರವನ್ನು ಊಹಿಸಿಕೊಳ್ಳೋಣ. ಹಾರ್ಡ್ ಡಿಸ್ಕಿನ ಆ ಯಂತ್ರದ ಅಳತೆಗಳು ಹೀಗಿವೆ: ಮೊದಲನೆಯ ಘಟ್ಟ 14 ಸೆಕೆಂಡು, ಎರಡನೆಯದು 70, ಮೂರನೆಯದು 320, ಒಟ್ಟು 404 ಸೆಕೆಂಡು. ಮೊದಲನೆಯದು ಆರೋಗ್ಯವಾಗಿದೆ; ಆದುದರಿಂದ ಫರ್ಮ್‌ವೇರನ್ನು ಕೆದಕಬೇಕಾಗಿಲ್ಲ. ಮೂರನೆಯದು ಅತಿ ದೊಡ್ಡದು, ಅಲ್ಲಿಂದಲೇ ಆರಂಭಿಸಬೇಕು. ಪಟ್ಟಿಯಲ್ಲಿದ್ದ ಬೇಡದ ಏಳು ಪ್ರೋಗ್ರಾಮುಗಳನ್ನು ತಡೆದ ಮೇಲೆ ಅದು 190ಕ್ಕೆ ಇಳಿಯಿತು, ಒಟ್ಟು 274. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಆದರೂ ಡಿಸ್ಕು ನೂರಕ್ಕೆ ನೂರು ದುಡಿಯುತ್ತಲೇ ಇದೆ. ಈಗ ಹಾರ್ಡ್ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿಯನ್ನು ಹಾಕಿಸಿದರೆ ಅಳತೆಯು 14, 14, 20 ಎಂದು ಬಂದಿತೆನ್ನಿ. ಒಟ್ಟು 48 ಸೆಕೆಂಡು.

ಮೊದಲನೆಯ ಸಂಖ್ಯೆ ಬದಲಾಗದಿರುವುದನ್ನು ವಾಚಕರು ಗಮನಿಸಿರಬಹುದು. ಫರ್ಮ್‌ವೇರಿನ ಕೆಲಸದಲ್ಲಿ ಡಿಸ್ಕಿನ ಪಾತ್ರವು ಅತ್ಯಲ್ಪವಾದುದರಿಂದ ಅದು ಹಾಗೆಯೇ ಉಳಿಯಿತು. ನಮ್ಮ ವಿಭಜನೆ ಸರಿಯೆಂಬುದಕ್ಕೆ ಇದೇ ಸಾಕ್ಷಿ. ಉಳಿದ ಕಾಲ 356 ಸೆಕೆಂಡು. ದಿನಕ್ಕೆರಡು ಸಲದಂತೆ ವರ್ಷದಲ್ಲಿ 200 ದಿನ ಯಂತ್ರವನ್ನು ಎಬ್ಬಿಸಿದರೆ ಉಳಿತಾಯವು ಸುಮಾರು 39 ಗಂಟೆ. ಒಂದು ವಿಷಯದ ಪಠ್ಯವನ್ನು ಓದಿ ಮುಗಿಸಲು ಇಷ್ಟು ಕಾಲ ಸಾಲದೆ?

ಬಿಡಿಭಾಗ ಕೊಳ್ಳುವ ಮುನ್ನ ಯಂತ್ರದ ಮಾದರಿಯನ್ನು ತಿಳಿದುಕೊಳ್ಳಬೇಕು. ಕೆಲವು ಯಂತ್ರಗಳಲ್ಲಿ ಹಳೆಯ ಡಿಸ್ಕಿನ ಜಾಗಕ್ಕೇ ಎಸ್‌ಎಸ್‌ಡಿ ಹೊಂದುತ್ತದೆ; ಕೆಲವಕ್ಕೆ ಬೇರೆ ಕಿಂಡಿಯಿದೆ; ಅಗ್ಗದ ಕೆಲವು ಯಂತ್ರಗಳಲ್ಲಿ ನೆನಪಿನ ಚಿಪ್ಪನ್ನು ಫಲಕಕ್ಕೇ ಬೆಸೆದಿರುವುದರಿಂದ ಬದಲಾಯಿಸಲು ಬಾರದು. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ನ್ನು ಹೊರಲಾರದ ಹಳೆಯ ಯಂತ್ರಕ್ಕೆ ಹಗುರವಾದ ಲಿನಕ್ಸ್ ಒಂದು ಯೋಗ್ಯವಾದ ದಾರಿ.

ಎಲ್ಲಕ್ಕಿಂತ ಮೊದಲಿನ ಎಚ್ಚರಿಕೆ

ವಿಳಂಬವು ಕೆಲವೊಮ್ಮೆ ಸಾವಿನ ಮುನ್ಸೂಚನೆ. ತಟ್ಟೆಯ ಒಂದು ಭಾಗ ಕೆಟ್ಟಾಗ ಡಿಸ್ಕು ಅದೇ ಜಾಗವನ್ನು ಮತ್ತೆ ಮತ್ತೆ ಓದಲು ಯತ್ನಿಸುತ್ತದೆ. ಹೊರಗಿನಿಂದ ನೋಡುವವರಿಗೆ ಅದು ಬರಿಯ ನಿಧಾನವಾಗಿಯೇ ಕಾಣುತ್ತದೆ. ಟಕ್ ಟಕ್ ಎಂಬ ಸದ್ದು, ಕಡತಗಳು ತೆರೆಯದಿರುವುದು, ದಿನದಿಂದ ದಿನಕ್ಕೆ ಏರುವ ವಿಳಂಬ, ಇವು ಅದರ ಲಕ್ಷಣಗಳು. ಡಿಸ್ಕುಗಳು ತಮ್ಮ ಆರೋಗ್ಯದ ದಾಖಲೆಯನ್ನು ತಾವೇ ಇಟ್ಟುಕೊಳ್ಳುತ್ತವೆ. ‘ಸ್ಮಾರ್ಟ್’ ಎಂಬ ಹೆಸರಿನ ಈ ದಾಖಲೆಯನ್ನು ಓದುವ ಉಚಿತ ತಂತ್ರಾಂಶಗಳುಂಟು.

ಇಂತಹ ಸಂದೇಹ ಬಂದೊಡನೆ ಬೇರಾವ ಚಿಕಿತ್ಸೆಗೂ ಕೈಹಾಕದೆ ಪ್ರಾಜೆಕ್ಟ್ ವರದಿ, ಅಂಕಪಟ್ಟಿಗಳ ಪ್ರತಿ, ವಿದ್ಯಾರ್ಥಿವೇತನದ ಅರ್ಜಿ, ಮನೆಯವರ ಚಿತ್ರಗಳು ಇವನ್ನೆಲ್ಲ ಬೇರೊಂದು ಕಡೆಗೆ ನಕಲುಮಾಡಿಟ್ಟುಕೊಳ್ಳಬೇಕು. ಸಾಯುತ್ತಿರುವ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದರೆ ಕೆಲವು ದಿನ ಅದು ಚುರುಕಾಗಿ ಕಾಣಬಹುದು. ಆದರೆ ರೋಗವು ಹೋಗಿರುವುದಿಲ್ಲ, ಹೋಗಿರುವುದು ಬರಹಗಳು ಮಾತ್ರ. ಯಂತ್ರವನ್ನು ಮತ್ತೆ ಕೊಳ್ಳಬಹುದು. ಎರಡು ವರ್ಷದ ಬರವಣಿಗೆಯನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ ಕ್ರಮವು ಇಷ್ಟೆ: ಮೊದಲು ನಕಲು, ಅನಂತರ ಅಳತೆ, ಆಮೇಲೆ ವಿಭಜನೆ, ಕೊನೆಯಲ್ಲಿ ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಗುಣವು ಯಾವುದರಿಂದ ಆಯಿತೆಂಬುದು ತಿಳಿಯುವುದಿಲ್ಲ. ಪ್ರಯೋಗಶಾಲೆಯಲ್ಲಿ ಭೌತವಿಜ್ಞಾನಿಯೂ ರೋಗಿಯ ಮಂಚದ ಬಳಿ ವೈದ್ಯನೂ ಅನುಸರಿಸುವ ಮಾರ್ಗವೇ ಇದು. ಮೇಜಿನ ಮೇಲಿನ ಸೋಮಾರಿ ಯಂತ್ರವು ಅದನ್ನು ಕಲಿಸುವ ಗುರುವೂ ಆಗಬಲ್ಲದು.

ಅಭ್ಯಾಸ

1. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿನಲ್ಲಿ ಅರ್ಧ ಸುತ್ತಿಗೆ ಎಷ್ಟು ಮಿಲಿಸೆಕೆಂಡು ಹಿಡಿಯುತ್ತದೆ?

2. ಒಂದು ಯಂತ್ರದ ಮೂರು ಘಟ್ಟಗಳ ಅಳತೆ 75, 12, 18 ಸೆಕೆಂಡು. ಇದಕ್ಕೆ ಈಗಾಗಲೇ ಎಸ್‌ಎಸ್‌ಡಿ ಇದೆ. ನಿಮ್ಮ ಮೊದಲನೆಯ ಪರೀಕ್ಷೆ ಯಾವುದು? ಏಕೆ?

3. ನಿಮ್ಮ ಕಾಲೇಜಿನ ಐದು ಯಂತ್ರಗಳನ್ನು ಅಳೆದು, ಡಿಸ್ಕಿನ ಬಗೆ, ರ‍್ಯಾಮಿನ ಪ್ರಮಾಣ, ಮೂರು ಘಟ್ಟಗಳ ಕಾಲ ಇವುಗಳ ಕೋಷ್ಟಕವನ್ನು ಬರೆಯಿರಿ. ಯಾವ ಗುಣಕ್ಕೂ ಯಾವ ಘಟ್ಟಕ್ಕೂ ಹೆಚ್ಚು ಸಂಬಂಧವಿದೆ?